ಕೀಲಿಕೈ ಯಾರ ಕೈಯಲ್ಲಿ?

ಜುಲೈ ತಿಂಗಳ ಒಂದು ಮುಂಜಾನೆ. ಬನಹಟ್ಟಿಯ ನೇಕಾರರ ಓಣಿಗೆ ಹತ್ತಿಕೊಂಡಂತಿರುವ ಒಂದು ಸರ್ಕಾರಿ ಶಾಲೆ. ಪವರ್‌ಲೂಮುಗಳ ಸದ್ದು ಗೋಡೆ ದಾಟಿ ತರಗತಿಯೊಳಗೆ ಬರುತ್ತಲೇ ಇರುತ್ತದೆ. ಇಲ್ಲಿನ ಮಕ್ಕಳ ಕಿವಿಗೆ ಅದು ಬೀಳುವುದೇ ಇಲ್ಲ. ಕರೆಂಟ್ ಹೋಗಿ ಮಗ್ಗ ನಿಂತಾಗ ಮಾತ್ರ ಎಲ್ಲರೂ ಒಮ್ಮೆಗೇ ತಲೆ ಎತ್ತಿ ಕಿಟಕಿಯ ಕಡೆ ನೋಡುತ್ತಾರೆ. ಅವತ್ತು ಶಾಲಾ ಸಂಸತ್ತಿನ ಪ್ರಮಾಣವಚನ. ಹಿಂದಿನ ದಿನ ಮೊಬೈಲಿಗೆ ಮತಯಂತ್ರದ ಆ್ಯಪ್ ಹಾಕಿ, ಎಡಗೈ ಬೆರಳಿಗೆ ಮಾರ್ಕರ್ ಪೆನ್ನಿನ ಗುರುತು ಹಚ್ಚಿ, ಮತಗಟ್ಟೆ ಅಧಿಕಾರಿಗಳಾಗಿ ಮಕ್ಕಳನ್ನೇ ಕೂಡ್ರಿಸಿ ಚುನಾವಣೆ ಮಾಡಿ ಮುಗಿಸಿದ್ದರು. ಪ್ರಧಾನಿ, ಶಿಕ್ಷಣ ಮಂತ್ರಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ ಒಬ್ಬೊಬ್ಬರಾಗಿ ಬಂದು ಪ್ರಮಾಣ ಮಾಡಿ ಹೋದರು. ನೀರಿನ ಮಂತ್ರಿಯಾಗಿದ್ದವಳು ಏಳನೆಯ ತರಗತಿಯ ಸಣಕಲು ಹುಡುಗಿ. ಚಪ್ಪಾಳೆ ಬಿದ್ದು, ಫೋಟೊ ತೆಗೆದಾದ ಮೇಲೂ ಅವಳು ತನ್ನ ಸಾಲಿಗೆ ಹೋಗದೆ ಹೆಡ್‌ಮಾಸ್ತರರ ಮುಂದೆಯೇ ನಿಂತಳು.

‘ಸರ್, ಟಾಕಿ ಕೀಲಿಕೈ ಇನ್ನ ನನ್ನ ಕಡೆ ಕೊಡ್ತೀರೇನ್ರಿ?’

ಎಲ್ಲರೂ ನಕ್ಕರು. ಹೆಡ್‌ಮಾಸ್ತರರು ನಗಲಿಲ್ಲ. ಕಿಸೆಯೊಳಗಿನ ಗೊಂಚಲು ತೆಗೆದರು, ಒಂದೊಂದೇ ಸರಿಸಿ ನೋಡಿದರು, ಉಗುರಿನಿಂದ ಎಬ್ಬಿಸಿ ಒಂದು ಕೀಲಿಕೈ ಬಿಡಿಸಿ ಅವಳ ಅಂಗೈಯಲ್ಲಿಟ್ಟರು. ‘ತಗೊಳವಾ. ಆದ್ರ ದಿನಾ ಎಲ್ಲಾರಕಿಂತ ಮದ್ಲ ಬರಬೇಕಾಗ್ತದ ನೋಡು.’ ಹುಡುಗಿ ಮುಷ್ಟಿ ಬಿಗಿ ಹಿಡಿದು ಓಡಿದಳು.

ಮಕ್ಕಳಿಗೆ ನಾಯಕತ್ವ ಕಲಿಸುವ ಬಗ್ಗೆ ಈಚಿನ ವರ್ಷಗಳಲ್ಲಿ ನಾನು ಕೇಳಿದ ಭಾಷಣಗಳೆಲ್ಲಕ್ಕಿಂತ ಈ ಒಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಶಾಲೆಗಳಲ್ಲಿ ಈಗ ಇಂಥ ಕಾರ್ಯಕ್ರಮಗಳಿಗೆ ಬರವಿಲ್ಲ. ಶಾಲಾ ಸಂಸತ್ತಿದೆ, ಮೀನಾ ತಂಡವಿದೆ, ಸೇವಾದಳ, ಸ್ಕೌಟ್ಸ್ ಮತ್ತು ಗೈಡ್ಸ್ ಇದೆ. ಪ್ರೌಢಶಾಲೆಗಳಲ್ಲಿ ಚುನಾವಣಾ ಸಾಕ್ಷರತಾ ಕ್ಲಬ್ ಇದೆ. ಬ್ಯಾಗ್ ಇಲ್ಲದ ಶನಿವಾರಗಳು ಬಂದಿವೆ. ಸ್ವಯಂಸೇವಾ ಸಂಸ್ಥೆಗಳವರು ಬಂದು ಎರಡು ದಿನದ ಶಿಬಿರ ನಡೆಸುತ್ತಾರೆ. ಮಕ್ಕಳು ವೃತ್ತಾಕಾರವಾಗಿ ಕೂತು ಆಟ ಆಡುತ್ತಾರೆ, ಹಾಡುತ್ತಾರೆ, ಪ್ರಮಾಣಪತ್ರ ಪಡೆಯುತ್ತಾರೆ. ಮೂರನೆಯ ದಿನ ಅದೇ ಮಕ್ಕಳು ಅದೇ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತಾರೆ. ಕೀಲಿಕೈ ಗೊಂಚಲು ಮಾತ್ರ ದೊಡ್ಡವರ ಕಿಸೆಯಲ್ಲೇ ಉಳಿದಿರುತ್ತದೆ.

ಜೀವನ ಕೌಶಲ ಎಂಬ ಮಾತು ಶಾಲೆಗಳಿಗೆ ಬಂದದ್ದು ಆರೋಗ್ಯದ ಬಾಗಿಲಿನಿಂದ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದ ಆರಂಭದಲ್ಲಿ ಹತ್ತು ಕೌಶಲಗಳನ್ನು ಗುರುತಿಸಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತನ್ನದೆನಿಸುವುದು, ಸರಿಯಾಗಿ ಮಾತಾಡುವುದು, ಸಂಬಂಧ ಉಳಿಸಿಕೊಳ್ಳುವುದು, ನಿರ್ಧಾರ ಮಾಡುವುದು, ತೊಡಕು ಬಿಡಿಸುವುದು, ಹೊಸದಾಗಿ ಯೋಚಿಸುವುದು, ಕೇಳಿದ್ದನ್ನೆಲ್ಲ ನಂಬದೆ ತೂಗಿ ನೋಡುವುದು, ಸಿಟ್ಟು-ದುಃಖಗಳನ್ನು ನಿಭಾಯಿಸುವುದು, ಒತ್ತಡ ತಾಳಿಕೊಳ್ಳುವುದು. ನಮ್ಮ ಹಳ್ಳಿಯ ಹಿರಿಯರು ಇಷ್ಟನ್ನೂ ಸೇರಿಸಿ ‘ತಿಳುವಳಿಕಿ’ ಅನ್ನುತ್ತಾರೆ. ‘ಓದ್ಯಾನ ಖರೇ, ತಿಳುವಳಿಕಿ ಇಲ್ಲ’ ಎಂದರೆ ಈ ಭಾಗದಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಆದರೆ ತಿಳುವಳಿಕೆಯನ್ನು ಪಾಠ ಮಾಡಿ ತುಂಬಲು ಆಗುವುದಿಲ್ಲ. ಈಜು ಕಲಿಸಬೇಕಾದರೆ ಬಾವಿಗೆ ಇಳಿಸಲೇಬೇಕು. ಸೊಂಟಕ್ಕೆ ಒಣ ಬೆಂಡು ಕಟ್ಟಿಯಾದರೂ ಸರಿ, ದಡದಲ್ಲಿ ಹಿಡಿದು ನಿಂತಾದರೂ ಸರಿ. ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲುಗಳು ಲೆಕ್ಕಕ್ಕೇ ಇಲ್ಲ: ಮಕ್ಕಳನ್ನು ದೊಡ್ಡವರ ಉದ್ದೇಶಕ್ಕೆ ಬಳಸಿಕೊಳ್ಳುವುದು, ವೇದಿಕೆಯ ಅಲಂಕಾರಕ್ಕೆ ನಿಲ್ಲಿಸುವುದು, ಮಾತಿಗೆ ಕರೆದು ಅವರ ಮಾತಿಗೆ ಬೆಲೆ ಕೊಡದಿರುವುದು. ಅತಿಥಿಗಳು ಬರುವ ತನಕ ಬಿಸಿಲಲ್ಲಿ ಹೂ ಹಿಡಿದು ನಿಂತ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಈ ಕೆಳಗಿನ ಮೆಟ್ಟಿಲುಗಳು ನೆನಪಾಗಿ ಹೊಟ್ಟೆ ಸಂಕಟವಾಗುತ್ತದೆ.

ಈ ನಾಡಿನ ಮಕ್ಕಳಿಗೆ ನಾಯಕತ್ವದ ಉದಾಹರಣೆ ಹುಡುಕಿಕೊಂಡು ಬೇರೆಲ್ಲಿಗೂ ಹೋಗಬೇಕಿಲ್ಲ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಓದಿದ್ದು ಜಮಖಂಡಿಯ ಪಿ.ಬಿ. ಹೈಸ್ಕೂಲಿನಲ್ಲಿ. ಕೊಲ್ಹಾಪುರದಲ್ಲಿ ಮುಂದಿನ ಓದು ಮುಗಿಸಿ, ವಕೀಲಿಕೆಗೆಂದು ಊರಿಗೆ ಮರಳಿದರು. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯಾದರು. 1948ರ ಮಾರ್ಚ್ 8ರಂದು ಸಂಸ್ಥಾನ ಭಾರತದೊಳಗೆ ವಿಲೀನವಾಯಿತು. 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ, 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ. ಶಾಲೆಯ ಗೋಡೆಯ ಮೇಲೆ ಕೊನೆಯ ಹುದ್ದೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ನನ್ನನ್ನು ಕೇಳಿದರೆ ಮಕ್ಕಳಿಗೆ ಹೇಳಬೇಕಾದದ್ದು 1940ರ ಇಸವಿ. ಗಟಾರು, ಬೀದಿ ದೀಪ, ಕುಡಿಯುವ ನೀರಿನಂಥ ಸಣ್ಣ ಕೆಲಸಗಳ ಪುರಸಭೆಯ ಕುರ್ಚಿಯಲ್ಲಿ ಅವರ ಅಧಿಕಾರ ಶುರುವಾಯಿತು. ಪಕ್ಕದ ಮನೆಯವನು ಮುಂಜಾನೆ ಎದ್ದು ಬಾಗಿಲಿಗೆ ಬಂದು ‘ನಮ್ಮ ಓಣ್ಯಾಗ ನೀರ ಬಂದಿಲ್ಲ’ ಎನ್ನುವಾಗ ತಪ್ಪಿಸಿಕೊಳ್ಳಲು ಆಗದ ಅಧಿಕಾರ ಅದು.

ಇನ್ನೊಂದು ಉದಾಹರಣೆ ಕೃಷ್ಣೆಯಲ್ಲೇ ನಿಂತಿದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬ್ಯಾರೇಜ್. ಮಳೆಗಾಲದಲ್ಲಿ ದಡ ಮೀರಿ ಹರಿಯುವ ನದಿ ಬೇಸಿಗೆಯಲ್ಲಿ ಕಣ್ಣೆದುರೇ ಬತ್ತುತ್ತಿತ್ತು. ಹೊಳೆಯ ದಂಡೆಯ ಹೊಲಗಳಿಗೇ ನೀರಿಲ್ಲ. ಸರ್ಕಾರ ಕಟ್ಟಿಕೊಡಲಿ ಎಂದು ಕಾದು ಕೂರದೆ ಕೃಷ್ಣಾ ತೀರದ ರೈತರು ಸಂಘ ಕಟ್ಟಿಕೊಂಡರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಊರೂರು ತಿರುಗಿ ಹಣ ಕೂಡಿಸಿದರು, ತಾವೇ ಬಂದು ಮೈಮುರಿದು ದುಡಿದರು. 1989ರಲ್ಲಿ ಬ್ಯಾರೇಜ್ ಎದ್ದು ನಿಂತಿತು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರಾಯಿತು. ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನು ಸೋಲಿಸಿ ಕೇಂದ್ರದಲ್ಲಿ ಮಂತ್ರಿಯೂ ಆದರು.

ಈ ಬ್ಯಾರೇಜ್ ನೋಡಲು ಶಾಲೆಗಳಿಂದ ಪ್ರವಾಸ ಹೋಗುತ್ತಾರೆ. ನೀರು ನೋಡುತ್ತಾರೆ, ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಬರುತ್ತಾರೆ. ಅಲ್ಲಿ ಒಂದು ಮಧ್ಯಾಹ್ನ ಪೂರ್ತಿ ಪಾಠ ಮಾಡಬಹುದು. ದಂಡೆಯಲ್ಲಿ ಮಕ್ಕಳನ್ನು ಐದೈದು ಜನರ ಗುಂಪು ಮಾಡಿ ಕೂಡ್ರಿಸಿ ಕೇಳಬೇಕು: ಹತ್ತು ಎಕರೆ ಇರುವವನು ಎಷ್ಟು ಕೊಡಬೇಕು, ಒಂದು ಎಕರೆ ಇರುವವನು ಎಷ್ಟು? ಹೊಲವೇ ಇಲ್ಲದ ಕೂಲಿಯವನಿಂದ ಏನಾದರೂ ತಗೊಳ್ಳಬೇಕೆ? ರೊಕ್ಕ ಕೊಡದವನು ನಾಳೆ ಪಂಪ್‌ಸೆಟ್ ಹಚ್ಚಿದರೆ ಏನು ಮಾಡುತ್ತೀರಿ? ಎರಡು ಊರುಗಳಿಗೆ ಆಗಿಬರುವುದಿಲ್ಲ, ಅವರನ್ನು ಒಂದು ಜಮಖಾನೆಯ ಮೇಲೆ ಕೂಡ್ರಿಸುವುದು ಹೇಗೆ? ಲೆಕ್ಕದ ಪುಸ್ತಕ ಯಾರ ಮನೆಯಲ್ಲಿರಬೇಕು, ಯಾರು ಬೇಕಾದರೂ ಕೇಳಿದಾಗ ತೋರಿಸಬೇಕೆ? ಮೊದಲ ಹತ್ತು ನಿಮಿಷ ಮಕ್ಕಳು ನಮ್ಮ ಮುಖ ನೋಡುತ್ತಾರೆ, ಸರಿ ಉತ್ತರ ಯಾವುದು ಎಂದು. ನಾವು ಬಾಯಿ ಮುಚ್ಚಿಕೊಂಡರೆ ಆಮೇಲೆ ಅವರ ಬಾಯಿ ಬಿಚ್ಚುತ್ತದೆ. ಹೊಲದ ಮಕ್ಕಳು ಅವರು. ನೀರಿನ ಪಾಳಿಗಾಗಿ ಅಣ್ಣತಮ್ಮಂದಿರು ಜಗಳ ಆಡುವುದನ್ನು ಕಣ್ಣಾರೆ ಕಂಡವರು. ಆ ಹತ್ತು ಕೌಶಲಗಳ ಪಟ್ಟಿಯಲ್ಲಿ ಈ ಒಂದು ಚರ್ಚೆಯೊಳಗೆ ಬರದಿರುವುದು ಯಾವುದೂ ಇಲ್ಲ.

ದೊಡ್ಡ ಕೆಲಸದ ನಾಯಕ ಒಬ್ಬನೇ ಎಂದು ಮಕ್ಕಳು ತಿಳಿಯಬಾರದು ಎಂಬುದು ನನ್ನ ಇನ್ನೊಂದು ಆಸೆ. ಬ್ಯಾರೇಜಿಗೆ ನ್ಯಾಮಗೌಡರ ಹೆಸರು ಅಂಟಿಕೊಂಡಿದೆ, ಅದು ನ್ಯಾಯವೇ. ಆದರೆ ಬುಟ್ಟಿ ಹೊತ್ತವರು, ದುಡಿಯುವವರಿಗೆ ರೊಟ್ಟಿ ಬಡಿದು ಕಳಿಸಿದವರು, ರಾತ್ರಿ ದೀಪದ ಬೆಳಕಲ್ಲಿ ಕೂತು ಜಮಾ-ಖರ್ಚು ಬರೆದವರು ಇನ್ನೂ ಅನೇಕರು ನಮ್ಮ ನಡುವೆ ಇದ್ದಾರೆ. ಮಕ್ಕಳು ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋಗಿ ಮಾತಾಡಿಸಲಿ. ಹಿರಿಯರನ್ನು ಮಾತಾಡಿಸುವುದು, ಅವರು ಹೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು, ಇಬ್ಬರು ಬೇರೆ ಬೇರೆ ಹೇಳಿದಾಗ ಯಾವುದು ಖರೆ ಎಂದು ವಿಚಾರಿಸುವುದು, ಇದಕ್ಕಿಂತ ಒಳ್ಳೆಯ ತರಬೇತಿ ನನಗೆ ಗೊತ್ತಿಲ್ಲ.

ಬೀಳಗಿ ತಾಲ್ಲೂಕಿನ ಶಾಲೆಗಳಿಗೆ ಇದು ಇನ್ನೂ ಹತ್ತಿರದ ಕೆಲಸ. ಆಲಮಟ್ಟಿಯ ಹಿನ್ನೀರು ಊರುಗಳನ್ನು ನುಂಗಿದ ಮೇಲೆ ಎಷ್ಟೋ ಮನೆತನಗಳು ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದವು. ಅಲ್ಲಿ ಹುಟ್ಟಿದ ಮಗುವಿಗೆ ‘ನಿಮ್ಮೂರು ಯಾವುದು’ ಎಂದು ಕೇಳಿದರೆ ಕೇಂದ್ರದ ಹೆಸರು ಹೇಳುತ್ತದೆ. ಅಜ್ಜಿ ಮುಳುಗಿದ ಊರಿನ ಹೆಸರು ಹೇಳುತ್ತಾಳೆ. ಅಜ್ಜಿ ಹೇಳಿದಂತೆ ಮೊಮ್ಮಗಳು ಆ ಊರಿನ ನಕ್ಷೆ ಬರೆಯಲಿ: ಅಗಸಿ ಬಾಗಿಲು ಎಲ್ಲಿತ್ತು, ಹನುಮಪ್ಪನ ಗುಡಿ ಎಲ್ಲಿ, ಯಾರ ಓಣಿಯವರು ಯಾವ ಬಾವಿಯ ನೀರು ಸೇದುತ್ತಿದ್ದರು, ಯಾರಿಗೆ ಸೇದಲು ಬಿಡುತ್ತಿರಲಿಲ್ಲ. ಕೊನೆಯ ಪ್ರಶ್ನೆಗೆ ಅಜ್ಜಿ ಸುಮ್ಮನಾಗಬಹುದು. ಆ ಮೌನವನ್ನು ಗಮನಿಸುವ ಮಗು ಬೇರೆಯವರ ನೋವು ತಿಳಿಯಲು ಶುರುಮಾಡಿದೆ ಎಂದೇ ಅರ್ಥ.

ಈಗ ಮತ್ತೆ ರಬಕವಿ-ಬನಹಟ್ಟಿಗೆ ಬರುತ್ತೇನೆ, ಯಾಕೆಂದರೆ ಶಾಲೆಯ ಗೇಟಿನ ಹೊರಗೆ ಏನಾಗುತ್ತದೆ ಎಂಬುದೇ ಈ ವಿಷಯದ ಗಂಟು. ಸಂಜೆ ಶಾಲೆ ಬಿಟ್ಟ ಮೇಲೆ ನೇಕಾರರ ಓಣಿಯಲ್ಲಿ ಒಂದು ಸುತ್ತು ಹಾಕಿ ನೋಡಿ. ಹುಡುಗರು ಬಯಲಿನಲ್ಲಿ ಕಬಡ್ಡಿ, ಕ್ರಿಕೆಟ್ ಆಡುತ್ತಿರುತ್ತಾರೆ. ಹುಡುಗಿಯರಲ್ಲಿ ಬಹಳ ಮಂದಿ ಯೂನಿಫಾರ್ಮ್ ಬಿಚ್ಚಿಟ್ಟು ನೂಲಿನ ಕಂಡಕಿ ಸುತ್ತಲು ಕೂತಿರುತ್ತಾರೆ. ಅಪ್ಪ ಮಗ್ಗದ ಮೇಲೆ, ಅವ್ವ ರಾಟಿಯ ಮುಂದೆ ಅಥವಾ ಒಲೆಯ ಮುಂದೆ. ಲಾಳಿಯೊಳಗಿನ ನೂಲು ತೀರುವುದರೊಳಗೆ ಮುಂದಿನ ಕಂಡಕಿ ಸಿದ್ಧವಿರಬೇಕು. ಮನೆತನದ ದುಡಿಮೆಯಲ್ಲಿ ಮಕ್ಕಳು ಕೈಗೂಡಿಸುವುದರಲ್ಲಿ ನಾನು ತಪ್ಪು ಹುಡುಕುತ್ತಿಲ್ಲ. ಮುಂಜಾನೆ ಶಾಲೆಯಲ್ಲಿ ಮಂತ್ರಿಯಾಗಿ ‘ನನ್ನ ಅಭಿಪ್ರಾಯ ಹೀಗಿದೆ’ ಎಂದು ಎದ್ದು ನಿಂತ ಹುಡುಗಿಯನ್ನು ಸಂಜೆ ಮನೆಯಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ನನ್ನ ಚಿಂತೆ ಅದು. ಮುಂದೆ ಓದುತ್ತೀಯಾ ಎಂದು ಕೇಳುವುದಿಲ್ಲ. ಮದುವೆಯ ಮಾತು ಬಂದಾಗಲಂತೂ ಕೇಳುವುದೇ ಇಲ್ಲ.

ಸಂಶೋಧನೆಗಳೂ ಇದೇ ಜಾಗವನ್ನು ಮುಟ್ಟಿ ತೋರಿಸಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರೌಢಶಾಲೆಗಳಿಗಾಗಿ ಜೀವನ ಕೌಶಲದ ಪಾಠಗಳನ್ನು ರೂಪಿಸಿ, ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು ಅವರಿಂದಲೇ ಕಲಿಸಿತು. ಒಂದು ವರ್ಷದ ಬಳಿಕ, ಪಾಠ ಕಲಿತ 605 ಮಕ್ಕಳನ್ನು ಕಲಿಯದ 423 ಮಕ್ಕಳೊಂದಿಗೆ ಹೋಲಿಸಿ ನೋಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿತು. ಕಲಿತ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಿತ್ತು, ಕಷ್ಟ ಎದುರಿಸುವ ಬಗೆ ಚೆನ್ನಾಗಿತ್ತು, ಶಿಕ್ಷಕರೊಡನೆ ಮತ್ತು ಶಾಲೆಯೊಡನೆ ಹೊಂದಾಣಿಕೆ ಸುಧಾರಿಸಿತ್ತು. ಆದರೆ ಮನೆಯವರೊಡನೆ ಹೊಂದಾಣಿಕೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪಾಠ ಶಾಲೆಯ ಗೇಟಿನವರೆಗೆ ಬಂದು ನಿಂತಿತ್ತು ಎಂದು ನಾನು ಓದಿಕೊಳ್ಳುತ್ತೇನೆ.

ನಮ್ಮದೇ ಬಾಗಲಕೋಟೆ ಮತ್ತು ಪಕ್ಕದ ವಿಜಯಪುರ ಜಿಲ್ಲೆಗಳಲ್ಲಿ ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ ನಡೆಸಿದ ‘ಸಮತಾ’ ಇನ್ನೂ ದೊಡ್ಡ ಪ್ರಯತ್ನ. ಪರಿಶಿಷ್ಟ ಜಾತಿ ಮತ್ತು ಪಂಗಡದ ಹದಿಹರೆಯದ ಹುಡುಗಿಯರು ಶಾಲೆ ಬಿಡದಂತೆ, ಬೇಗ ಮದುವೆಯಾಗದಂತೆ ನೋಡಿಕೊಳ್ಳುವುದು ಅದರ ಗುರಿ. ದೇವದಾಸಿ ಪದ್ಧತಿಯನ್ನು ನಿಷೇಧಿಸಿ 1982ರಲ್ಲೇ ಕಾನೂನು ಬಂದಿದ್ದರೂ ಅದರ ನೆರಳು ಈ ಸೀಮೆಯ ಬಡ ಮನೆಗಳ ಮೇಲೆ ಎಷ್ಟು ಉದ್ದ ಚಾಚಿತ್ತು ಎಂಬುದು ಇಲ್ಲಿಯವರಿಗೆ ಹೇಳಬೇಕಾದ್ದಿಲ್ಲ. ಹುಡುಗಿಯರ ಗುಂಪು ಕಟ್ಟಿದರು, ತಂದೆತಾಯಿಗಳೊಡನೆ ಕೂತರು, ಹುಡುಗರನ್ನೂ ಸೇರಿಸಿಕೊಂಡರು, ಶಿಕ್ಷಕರಿಗೆ ಮತ್ತು ಶಾಲಾಭಿವೃದ್ಧಿ ಸಮಿತಿಯವರಿಗೆ (ಎಸ್‌ಡಿಎಂಸಿ) ತಿಳಿವಳಿಕೆ ಕೊಟ್ಟರು. ಒಟ್ಟು 80 ಹಳ್ಳಿ. 40ರಲ್ಲಿ ಕಾರ್ಯಕ್ರಮ, 40ರಲ್ಲಿ ಇಲ್ಲ. 2014ರಿಂದ 2017ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರ ಬದುಕನ್ನು ಗಮನಿಸಿದರು. ಕೊನೆಗೆ ನೋಡಿದರೆ ಎರಡೂ ಬಗೆಯ ಊರುಗಳ ನಡುವೆ ದೊಡ್ಡ ಅಂತರ ಕಾಣಲಿಲ್ಲ. ಎರಡೂ ಕಡೆ ಸುಮಾರು ಮುಕ್ಕಾಲು ಪಾಲು ಹುಡುಗಿಯರು ಪ್ರೌಢಶಾಲೆ ಮುಗಿಸಿದ್ದರು.

ಇದನ್ನು ಸೋಲು ಎಂದು ಬರೆದುಕೊಳ್ಳಲು ನನಗೆ ಮನಸ್ಸಿಲ್ಲ. ಯಾವ ಕಾರ್ಯಕ್ರಮವೂ ಮುಟ್ಟದ ಊರುಗಳಲ್ಲೂ ಹೆಣ್ಣುಮಕ್ಕಳು ಹತ್ತನೆಯ ತರಗತಿಯವರೆಗೆ ನಡೆದುಬಂದಿದ್ದರು ಎಂಬುದು ಸಂತೋಷದ ಸುದ್ದಿ. ಸರ್ಕಾರದ ಸೈಕಲ್, ಹಾಸ್ಟೆಲ್, ವಿದ್ಯಾರ್ಥಿವೇತನಗಳಿಗೆ ಅದರಲ್ಲಿ ಪಾಲಿದೆ ಎಂದು ನಾನು ನಂಬುತ್ತೇನೆ. ‘ನಾ ಸಾಲಿ ಕಲೀಲಿಲ್ಲ, ನೀನರ ಕಲಿ’ ಎಂದು ಕೂಲಿಗೆ ಹೋದ ಅವ್ವಂದಿರಿಗೆ ಅದಕ್ಕಿಂತ ದೊಡ್ಡ ಪಾಲಿದೆ. ಜೊತೆಗೆ ಒಂದು ಎಚ್ಚರಿಕೆಯನ್ನೂ ನಾವು ಇದರಿಂದ ಪಡೆಯಬೇಕು. ಉಳಿದ ಕಾಲು ಭಾಗದ ಹುಡುಗಿಯರು, ಬಡತನ ತೀರಾ ಹಿಂಡುತ್ತಿರುವ ಮನೆಯವರು, ಗುಂಪು ಚರ್ಚೆಗೆ, ಆಟಕ್ಕೆ, ಹಾಡಿಗೆ ಸಿಗುವುದಿಲ್ಲ. ನಾಯಕತ್ವದ ಶಿಬಿರಕ್ಕೆ ಯಾವಾಗಲೂ ಮೊದಲ ಬೆಂಚಿನ, ಚಂದ ಮಾತಾಡುವ ಮಗುವನ್ನೇ ಆರಿಸಿ ಕಳಿಸುತ್ತೇವೆ. ಕಬ್ಬಿನ ಹಂಗಾಮು ಶುರುವಾದಾಗ ಮುಧೋಳ, ಜಮಖಂಡಿ ಕಡೆಯ ಹೊಲಗಳಿಗೆ ಕಬ್ಬು ಕಡಿಯಲು ಗ್ಯಾಂಗ್ ಬರುತ್ತವೆ. ಅವರ ಜೋಪಡಿಗಳಲ್ಲಿ ತಮ್ಮ-ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡು, ಒಲೆ ಹಚ್ಚಿ, ನೀರು ತಂದು, ಅವ್ವ-ಅಪ್ಪ ಕತ್ತಲಾಗಿ ಬರುವ ತನಕ ಇಡೀ ಸಂಸಾರ ನಿಭಾಯಿಸುವ ಎಂಟು-ಹತ್ತು ವರ್ಷದ ಹುಡುಗಿಯರನ್ನು ನೋಡಿದ್ದೇನೆ. ನಿರ್ಧಾರ ಮಾಡುವುದನ್ನು, ಒತ್ತಡ ತಾಳುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಅವರಿಗೆ ಬೇಕಾದದ್ದು ಶಾಲೆ, ಮತ್ತು ಬಾಲ್ಯ.

ಹಳೆಯ ದಾರಿಯೊಂದನ್ನೂ ಇಲ್ಲಿ ನೆನೆಯಬೇಕು. ಧಾರವಾಡದವರಾದ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿದರು. ಮುಂದೆ ಮುಧೋಳಕ್ಕೆ ದೂರವಲ್ಲದ ಘಟಪ್ರಭೆಯಲ್ಲಿ ಆರೋಗ್ಯಧಾಮ ಕಟ್ಟುವುದರಲ್ಲಿ ಕೈಜೋಡಿಸಿದರು. ಸೇವಾದಳದ ಶಿಸ್ತು ಕವಾಯತಿನಲ್ಲಿ ಮುಗಿಯುತ್ತಿರಲಿಲ್ಲ. ಸಾವಿರಾರು ಜನ ಸೇರುವ ಕಾಂಗ್ರೆಸ್ ಅಧಿವೇಶನದಲ್ಲಿ ಜನರನ್ನು ಸಾಲಾಗಿ ಕಳಿಸುವುದು, ನೈರ್ಮಲ್ಯ ನೋಡಿಕೊಳ್ಳುವುದು, ಕಾಯಿಲೆ ಬಿದ್ದವರನ್ನು ಹೊತ್ತೊಯ್ಯುವುದು ದಳದವರ ಕೆಲಸವಾಗಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಈ ತಾಲ್ಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತಾಗ ಎಷ್ಟೋ ಶಾಲೆಗಳೇ ಪರಿಹಾರ ಕೇಂದ್ರಗಳಾದವು. ಅಂಥ ಹೊತ್ತಿನಲ್ಲಿ ಹಾಸಿಗೆ ಹಂಚುವುದು, ಹೆಸರು ಬರೆಯುವುದು, ಸಣ್ಣ ಮಕ್ಕಳನ್ನು ಆಡಿಸುವುದು, ಮುದುಕರಿಗೆ ಗುಳಿಗೆಯ ವೇಳೆ ನೆನಪಿಸುವುದು ಹದಿನಾಲ್ಕರ ಹುಡುಗ-ಹುಡುಗಿಯರಿಂದ ಆಗುವ ಕೆಲಸಗಳೇ. ಹೊಳೆಯ ದಂಡೆಯ ಪ್ರತಿಯೊಂದು ಪ್ರೌಢಶಾಲೆಯೂ ಮಳೆಗಾಲಕ್ಕೆ ಮುಂಚೆ ಇದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು.

ಮನೆ ಮತ್ತು ಶಾಲೆಯ ನಡುವೆ ಇರುವ ಮೂರನೆಯ ಜಾಗ ಊರು. ಅಲ್ಲಿಯೂ ಮಕ್ಕಳಿಗೆ ಒಂದು ಬಾಗಿಲು ತೆರೆದಿದೆ: ಮಕ್ಕಳ ಗ್ರಾಮಸಭೆ. ಕುಂದಾಪುರ ಕಡೆ ದುಡಿಯುವ ಮಕ್ಕಳ ಸಂಘಟನೆ ಮತ್ತು ಮಕ್ಕಳ ಪಂಚಾಯಿತಿಯ ಪ್ರಯೋಗದಿಂದ ಮೊಳೆತ ಈ ಕಲ್ಪನೆಯನ್ನು ಕರ್ನಾಟಕ ಸರ್ಕಾರ ಒಪ್ಪಿ, ಎಲ್ಲ ಗ್ರಾಮ ಪಂಚಾಯಿತಿಗಳೂ ಇದನ್ನು ನಡೆಸಬೇಕೆಂದು ಆದೇಶ ಮಾಡಿ ಬಹಳ ವರ್ಷಗಳಾದವು. ಮಕ್ಕಳ ಮಾತಿಗೆ ಕಿವಿಗೊಡಬೇಕೆಂಬ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ಈ ಸಭೆ ಸೇರುತ್ತದೆ. ಅಧ್ಯಕ್ಷರು, ಪಿಡಿಒ, ಸದಸ್ಯರು ಎದುರಿಗೆ ಕೂತಿರುತ್ತಾರೆ. ಮಕ್ಕಳು ಕೇಳುವುದು ಆಕಾಶವನ್ನಲ್ಲ. ಹುಡುಗಿಯರ ಶೌಚಾಲಯಕ್ಕೆ ಒಳಗಿನ ಚಿಲಕ. ಶಾಲೆಯ ದಾರಿಯ ಮೇಲಿರುವ ಮದ್ಯದ ಅಂಗಡಿ ಬೇರೆ ಕಡೆಗೆ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ರಸ್ತೆಗೆ ಶಾಲೆಯ ಎದುರು ಒಂದು ಹಂಪ್.

ಆ ಬೇಡಿಕೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮುಂದಿನ ವರ್ಷದ ಸಭೆ ಆ ಪುಸ್ತಕ ತೆರೆದು, ಹೋದ ವರ್ಷ ಏನು ಕೇಳಿದ್ದಿರಿ, ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ ಎಂದು ಮಕ್ಕಳಿಗೆ ಓದಿ ಹೇಳುವುದರಿಂದಲೇ ಶುರುವಾಗಬೇಕು. ‘ರೊಕ್ಕ ಇಲ್ಲ, ಅದಕ್ಕ ಆಗಿಲ್ಲ’ ಎಂಬ ಉತ್ತರವಾದರೂ ಪರವಾಗಿಲ್ಲ. ಉತ್ತರ ಕೊಟ್ಟರೆ ಮಗು ಮತ್ತೆ ಕೇಳುತ್ತದೆ. ಎರಡು ವರ್ಷ ಕೇಳಿ ಉತ್ತರವೇ ಬರದಿದ್ದರೆ ಮೂರನೆಯ ವರ್ಷ ಅದು ಬಾಯಿ ತೆರೆಯುವುದಿಲ್ಲ. ದೊಡ್ಡವರ ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಎದ್ದು ಹೋಗುವವರನ್ನು ನೋಡಿದಾಗ, ಇವರು ಎಷ್ಟನೆಯ ವಯಸ್ಸಿನಲ್ಲಿ ಕೇಳುವುದನ್ನು ಬಿಟ್ಟಿರಬಹುದು ಎಂದು ಯೋಚಿಸುತ್ತೇನೆ.

ದೀಪಾವಳಿ ರಜೆ ಮುಗಿದ ಮೇಲೆ ಬನಹಟ್ಟಿಯ ಆ ಶಾಲೆಗೆ ಮತ್ತೆ ಹೋಗಿದ್ದೆ. ಕೀಲಿಕೈ ನೀರಿನ ಮಂತ್ರಿಯ ಕೊರಳಲ್ಲಿತ್ತು, ಮಗ್ಗದ ಕೆಂಪು ನೂಲು ಹೊಸೆದು ಮಾಡಿದ ದಾರದಲ್ಲಿ. ನಡುವೆ ಒಂದು ಫಜೀತಿ ಆಗಿತ್ತಂತೆ. ಅವಳಿಗೆ ಜ್ವರ ಬಂದು ಎರಡು ದಿನ ಮಲಗಿದಳು. ಕೀಲಿಕೈ ಅವಳ ಜೊತೆಗೇ ಹಾಸಿಗೆಯಲ್ಲಿತ್ತು. ಹತ್ತೂವರೆಯವರೆಗೆ ಶಾಲೆಯಲ್ಲಿ ಕುಡಿಯಲು ಹನಿ ನೀರಿಲ್ಲ. ಕೊನೆಗೆ ಅಡುಗೆಯ ಅಕ್ಕ ಅವಳ ಮನೆಗೇ ಓಡಿಹೋಗಿ ತಂದಳು. ಹುಡುಗಿ ಹುಷಾರಾಗಿ ಬಂದವಳೇ ಹೆಡ್‌ಮಾಸ್ತರರ ಮುಂದೆ ನಿಂತು, ಇನ್ನೊಂದು ಕೀಲಿಕೈ ಮಾಡಿಸಬೇಕೆಂದಳಂತೆ. ಅದನ್ನು ಯಾರಿಗೆ ಕೊಡಬೇಕೆಂದೂ ಅವಳೇ ಯೋಚಿಸಿಕೊಂಡು ಬಂದಿದ್ದಳು: ಆರನೆಯ ತರಗತಿಯ ಒಬ್ಬ ಹುಡುಗ, ದಿನಾ ನಲ್ಲಿ ಬಿಟ್ಟು ಓಡುತ್ತಾನೆಂದು ಅವಳೇ ಮೂರು ಸಲ ದೂರು ಬರೆಸಿದ್ದವನು.

‘ಅವ್ನಿಗೇ ಯಾಕವಾ?’ ಎಂದು ಕೇಳಿದೆ.

‘ಅವ ನಮ್ಮ ಮನಿ ಬಾಜೂಕ ಇರ್ತಾನ್ರಿ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಈಗ ನಲ್ಲಿ ತಾನ ಬಂದ್ ಮಾಡ್ತಾನ್ರಿ’ ಎಂದಳು.